ಗದ್ದಲದಲ್ಲಿ ಮಾತು ಎಷ್ಟು ತಿಳಿಯುತ್ತದೆ ಎಂಬುದನ್ನು ಅಳೆಯುವುದು ಹೇಗೆ?

ಪ್ರಶ್ನೆ: ನನಗೆ 57 ವರ್ಷ. ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇದೆ. ಮನೆಯಲ್ಲಿ ಎದುರು ಕುಳಿತು ಮಾತನಾಡಿದರೆ ಒಂದು ಪದವೂ ತಪ್ಪುವುದಿಲ್ಲ. ಆದರೆ ಅಂಗಡಿಯಲ್ಲಿ ನಾಲ್ಕು ಗಿರಾಕಿಗಳು ಒಟ್ಟಿಗೆ ಮಾತನಾಡತೊಡಗಿದರೆ, ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲಿ ಕುಳಿತರೆ, ಪಕ್ಕದವರ ದನಿ ಕೇಳಿಸುತ್ತದೆ, ಏನು ಹೇಳಿದರೆಂದು ತಿಳಿಯುವುದಿಲ್ಲ. ಕಿವಿ ಪರೀಕ್ಷೆ ಮಾಡಿಸಿದೆ. ಎರಡೂ ಕಿವಿಗಳಲ್ಲಿ 2000 ಹರ್ಟ್ಜ್‌ವರೆಗೆ 20 ಡೆಸಿಬೆಲ್‌ ಒಳಗೆ, 4000ದಲ್ಲಿ 35, 8000ದಲ್ಲಿ 45 ಎಂದು ವರದಿ ಬಂದಿದೆ. ‘ವಯಸ್ಸಿಗೆ ತಕ್ಕಂತೆ ಇದೆ’ ಎಂದು ಹೇಳಿ ಕಳುಹಿಸಿದರು. ಮನೆಯವರು ‘ನಿಮಗೆ ಗಮನವಿಲ್ಲ, ಅಷ್ಟೇ’ ಎನ್ನುತ್ತಾರೆ. ಗದ್ದಲದ ನಡುವೆ ಮಾತು ಎಷ್ಟು ಅರ್ಥವಾಗುತ್ತದೆ ಎಂದು ಅಳೆಯುವ ಪರೀಕ್ಷೆ ಏನಾದರೂ ಇದೆಯೇ? ಇದ್ದರೆ ಅದರಿಂದ ನನಗೇನು ಉಪಯೋಗ?

ಉತ್ತರ: ಇದೆ, ಒಂದಲ್ಲ ಹಲವು ಇವೆ. ಕನ್ನಡದಲ್ಲಿಯೂ ಇವೆ. ನಿಮಗೆ ಆ ಪರೀಕ್ಷೆ ಆಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆಯವರಿಗೆ ಮೊದಲು ಇದನ್ನು ಓದಿ ಹೇಳಿ: ನೀವು ವಿವರಿಸಿರುವುದು ಗಮನದ ಕೊರತೆಯಲ್ಲ. ಶ್ರವಣ ತಜ್ಞರ ಬಳಿಗೆ ಬರುವ ನಡುವಯಸ್ಸಿನವರು ಅತಿ ಹೆಚ್ಚಾಗಿ ಹೇಳುವ ದೂರು ಇದೇ, ಮತ್ತು ಅದಕ್ಕೆ ದೇಹದೊಳಗೆ ಕಾರಣಗಳಿವೆ.

ನಿಮಗೆ ಮಾಡಿದ ಪರೀಕ್ಷೆ ಏನನ್ನು ಅಳೆಯಿತು ಎಂಬುದರಿಂದ ಶುರು ಮಾಡುತ್ತೇನೆ. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್‌ ಹಾಕಿ, ಬೇರೆ ಬೇರೆ ಸ್ಥಾಯಿಯ ‘ಕೂ’ ಎನ್ನುವ ನಾದಗಳನ್ನು ಕ್ಷೀಣಿಸುತ್ತ ಹೋಗಿ, ಯಾವ ಮಟ್ಟದವರೆಗೆ ಕೇಳಿಸಿತು ಎಂದು ಗುರುತು ಹಾಕಿದ್ದಾರೆ. ಅದೇ ಆಡಿಯೋಗ್ರಾಂ. ಅದರಲ್ಲಿ ಹರ್ಟ್ಜ್‌ ಹೇಳುವುದು ನಾದದ ಸ್ಥಾಯಿಯನ್ನು, ಡೆಸಿಬೆಲ್‌ ಹೇಳುವುದು ಸದ್ದಿನ ಜೋರನ್ನು; ಡೆಸಿಬೆಲ್‌ ಅಂಕಿ ದೊಡ್ಡದಾದಷ್ಟೂ ಆ ನಾದ ಕೇಳಿಸಲು ಹೆಚ್ಚು ಜೋರು ಬೇಕಾಯಿತು ಎಂದರ್ಥ. ಕಿವಿಗೆ ಕೇಳಬಲ್ಲ ಅತಿ ಸಣ್ಣ ಸದ್ದು ಯಾವುದು ಎಂಬ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ, ಚೆನ್ನಾಗಿಯೇ ಕೊಡುತ್ತದೆ. ಆದರೆ ನಿಮ್ಮ ಅಂಗಡಿಯಲ್ಲಿ ಸದ್ದು ಸಣ್ಣದಾಗಿರುವುದಿಲ್ಲ. ಅಲ್ಲಿ ಬೇಕಾದದ್ದು ಹಲವು ಸದ್ದುಗಳ ರಾಶಿಯಿಂದ ಒಂದು ದನಿಯನ್ನು ಬಿಡಿಸಿಕೊಳ್ಳುವ ಶಕ್ತಿ. ಅದನ್ನು ಈ ಪರೀಕ್ಷೆ ಮುಟ್ಟುವುದೇ ಇಲ್ಲ. ಕೆಲವು ಕಡೆ ಪದಗಳನ್ನು ಕೇಳಿಸಿ ಪುನರುಚ್ಚರಿಸಲು ಹೇಳುವುದೂ ಉಂಟು. ಅದನ್ನೂ ನಿಶ್ಶಬ್ದದಲ್ಲಿಯೇ ಮಾಡುತ್ತಾರೆ. ನಿಮ್ಮಂಥ ವರದಿ ಇರುವವರು ಅದರಲ್ಲಿ ಸಲೀಸಾಗಿ ಶೇ 90ಕ್ಕಿಂತ ಹೆಚ್ಚು ಅಂಕ ಪಡೆಯುತ್ತಾರೆ, ತೊಂದರೆ ಮತ್ತೆ ಮುಚ್ಚಿಹೋಗುತ್ತದೆ.

ಡಚ್‌ ವಿಜ್ಞಾನಿ ರೇನಿಯರ್‌ ಪ್ಲಾಂಪ್‌ 1978ರಲ್ಲಿ ಇದನ್ನು ಸ್ಪಷ್ಟವಾಗಿ ಎರಡಾಗಿ ವಿಂಗಡಿಸಿ ತೋರಿಸಿದರು. ಶ್ರವಣದೋಷದಲ್ಲಿ ಒಂದು ಭಾಗ ಸದ್ದು ತಗ್ಗುವುದು, ಇನ್ನೊಂದು ಭಾಗ ಸದ್ದು ಕದಡುವುದು. ಸದ್ದು ಮಾತ್ರ ತಗ್ಗಿದ್ದರೆ ಜೋರು ಮಾಡಿದರೆ ಸಾಕು. ಕದಡಿದ್ದರೆ ಎಷ್ಟೇ ಜೋರು ಮಾಡಿದರೂ ಕದಡಿದ್ದೇ ಜೋರಾಗಿ ಕೇಳುತ್ತದೆ, ಏಕೆಂದರೆ ಮಾತಿನ ಜೊತೆಗೆ ಗದ್ದಲವೂ ಅಷ್ಟೇ ಜೋರಾಗುತ್ತದೆ. ಆಡಿಯೋಗ್ರಾಂ ಹೇಳುವುದು ಹೆಚ್ಚಾಗಿ ಮೊದಲ ಭಾಗದ ಕಥೆಯನ್ನು. ಎರಡನೆಯದು ಎಷ್ಟಿದೆ ಎಂದು ಅದರ ಗೆರೆಗಳನ್ನು ನೋಡಿ ಊಹಿಸಲು ಬರುವುದಿಲ್ಲ. ಒಂದೇ ಬಗೆಯ ಆಡಿಯೋಗ್ರಾಂ ಇರುವ ಇಬ್ಬರಲ್ಲಿ ಒಬ್ಬರು ಹೋಟೆಲಿನ ಗಲಾಟೆಯಲ್ಲಿ ನಿರಾಯಾಸವಾಗಿ ಹರಟುತ್ತಾರೆ, ಇನ್ನೊಬ್ಬರು ತಲೆಯಾಡಿಸುತ್ತ ಕೂರುತ್ತಾರೆ.

ಕದಡುವುದು ಎಲ್ಲಿ? ಒಳಕಿವಿಯ ಶಂಖದಲ್ಲಿ ಸುಮಾರು 12,000 ಹೊರ ರೋಮಕೋಶಗಳಿವೆ. ಬರುವ ಸದ್ದನ್ನು ಸ್ಥಾಯಿವಾರು ಸೂಕ್ಷ್ಮವಾಗಿ ಬೇರ್ಪಡಿಸಲು ನೆರವಾಗುವುದು ಇವೇ. ಇವು ಸವೆದರೆ ಜರಡಿಯ ಕಣ್ಣು ಅಗಲವಾದಂತೆ: ಮಾತಿನ ತುಣುಕು ಮತ್ತು ಪಕ್ಕದ ಗದ್ದಲದ ತುಣುಕು ಎರಡೂ ಒಂದೇ ಕಿಂಡಿಯಲ್ಲಿ ಬಿದ್ದುಬಿಡುತ್ತವೆ. ನಿಮ್ಮ 4000 ಮತ್ತು 8000ದ ಅಂಕಿಗಳು ಈ ಸವೆತ ಶುರುವಾಗಿರುವುದನ್ನು ಸೂಚಿಸುತ್ತವೆ. ‘ವಯಸ್ಸಿಗೆ ತಕ್ಕಂತೆ’ ಎಂಬ ಮಾತು ಸುಳ್ಳಲ್ಲ, ಆದರೆ ಅದು ಉತ್ತರವೂ ಅಲ್ಲ. ಸ, ಶ, ಚ, ತ ಮುಂತಾದ ವ್ಯಂಜನಗಳನ್ನು ಒಂದರಿಂದೊಂದು ಬೇರೆ ಮಾಡುವ ಸುಳಿವುಗಳು ಬಹುಪಾಲು 2000 ಹರ್ಟ್ಜ್‌ಗಿಂತ ಮೇಲೆ ಇರುತ್ತವೆ ಮತ್ತು ದುರ್ಬಲವಾಗಿರುತ್ತವೆ. ಸ್ವರಗಳು ಕೆಳಗಿನ ಸ್ಥಾಯಿಯಲ್ಲಿ ಬಲವಾಗಿ ನಿಲ್ಲುತ್ತವೆ. ಹಾಗಾಗಿ ಊಟದ ಪಂಕ್ತಿಯಲ್ಲಿ ‘ಸೊಪ್ಪು’ ಎಂದದ್ದು ‘ಉಪ್ಪು’ ಎಂದು ಕೇಳಿಸುವುದು, ದನಿ ಇದ್ದೂ ಮಾತು ಇಲ್ಲದಂತಾಗುವುದು.

ಇನ್ನೂ ಆಳದಲ್ಲಿ ಮತ್ತೊಂದು ಕಾರಣವಿದೆ. ಅಮೆರಿಕದ ಷಾರನ್‌ ಕುಜಾವಾ ಮತ್ತು ಚಾರ್ಲ್ಸ್‌ ಲಿಬರ್ಮನ್‌ 2009ರಲ್ಲಿ ಇಲಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಜೋರು ಸದ್ದಿಗೆ ಒಡ್ಡಿದ ಮೇಲೆ ಕೆಲವೇ ದಿನಗಳಲ್ಲಿ ಸಣ್ಣ ಸದ್ದನ್ನು ಕೇಳುವ ಶಕ್ತಿ ಪೂರ್ತಿ ಮರಳಿದರೂ, ರೋಮಕೋಶ ಮತ್ತು ಶ್ರವಣನರದ ನಡುವಿನ ಕೊಂಡಿಗಳಲ್ಲಿ ಹಲವು ಶಾಶ್ವತವಾಗಿ ಕಳಚಿಹೋಗಿದ್ದವು. ಅಂದರೆ ಆಡಿಯೋಗ್ರಾಂ ಸ್ವಚ್ಛವಾಗಿದ್ದೂ ಒಳಗೆ ನಷ್ಟವಾಗಿರಬಹುದು. ಮನುಷ್ಯರಲ್ಲಿ ಇದನ್ನು ಖಚಿತವಾಗಿ ಗುರುತಿಸುವ ಆಸ್ಪತ್ರೆ ಪರೀಕ್ಷೆ ಇನ್ನೂ ಬಂದಿಲ್ಲ. ಹಾಗಿದ್ದರೂ ‘ವರದಿ ಸರಿಯಿದೆ, ಆದ್ದರಿಂದ ಕಿವಿ ಸರಿಯಿದೆ’ ಎಂದು ಕಣ್ಣುಮುಚ್ಚಿ ಹೇಳುವ ಕಾಲ ಮುಗಿದಿದೆ.

ಈಗ ಅಳತೆಗೆ ಬರೋಣ. ಇಲ್ಲಿ ಮುಖ್ಯವಾದದ್ದು ಮಾತಿನ ಮಟ್ಟ ಎಷ್ಟು, ಗದ್ದಲದ ಮಟ್ಟ ಎಷ್ಟು ಎಂಬುದಕ್ಕಿಂತ ಅವೆರಡರ ನಡುವಿನ ಅಂತರ. ಮಾತು 70 ಡೆಸಿಬೆಲ್‌, ಗದ್ದಲ 65 ಇದ್ದರೆ ಅಂತರ +5. ಎರಡೂ ಸಮನಾದರೆ 0. ಗದ್ದಲವೇ ಮೇಲಾದರೆ ಅಂತರ ಮೈನಸ್‌ಗೆ ಇಳಿಯುತ್ತದೆ. ಒಬ್ಬ ವ್ಯಕ್ತಿಗೆ ಮಾತಿನಲ್ಲಿ ಅರ್ಧದಷ್ಟು ತಿಳಿಯಬೇಕಾದರೆ ಈ ಅಂತರ ಎಷ್ಟಿರಬೇಕು? ಬಹುತೇಕ ಎಲ್ಲ ಪರೀಕ್ಷೆಗಳೂ ಹುಡುಕುವುದು ಈ ಒಂದು ಸಂಖ್ಯೆಯನ್ನು. ಅರ್ಧವೇ ಏಕೆ ಎಂದರೆ, ಆ ಮಟ್ಟದಲ್ಲಿ ಅಂತರ ಸ್ವಲ್ಪ ಬದಲಾದರೂ ಅಂಕ ತಟ್ಟನೆ ಬದಲಾಗುತ್ತದೆ, ಅಳತೆ ಹರಿತವಾಗಿರುತ್ತದೆ. ವಾಕ್ಯಗಳನ್ನು ಬಳಸಿದಾಗ ಅಲ್ಲಿ ಒಂದು ಡೆಸಿಬೆಲ್‌ಗೆ ಸುಮಾರು ಶೇ 10ರಷ್ಟು ಏರುಪೇರಾಗುತ್ತದೆ. ಇದನ್ನು ದಯವಿಟ್ಟು ನೆನಪಿಡಿ. ಮೂರು ಡೆಸಿಬೆಲ್‌ ಕೊರತೆ ಎಂದರೆ ಕಾಗದದ ಮೇಲೆ ಅಲ್ಪವಾಗಿ ಕಾಣುತ್ತದೆ, ಆದರೆ ಪಕ್ಕದವರಿಗೆ ಅರ್ಧ ಮಾತು ತಿಳಿಯುವಲ್ಲಿ ನಿಮಗೆ ಐದರಲ್ಲೊಂದು ಭಾಗವಷ್ಟೇ ತಿಳಿಯುತ್ತದೆ.

ಈ ಸಂಖ್ಯೆಯನ್ನು ಹಿಡಿಯಲು ಒಂದು ದಾರಿ ಹೀಗಿದೆ. ಲಾಸ್‌ ಏಂಜಲೀಸ್‌ನ ಹೌಸ್‌ ಇಯರ್‌ ಸಂಸ್ಥೆಯಲ್ಲಿ ರೂಪುಗೊಂಡು 1994ರಲ್ಲಿ ಪ್ರಕಟವಾದ ‘ಹಿಂಟ್‌’ ಪರೀಕ್ಷೆಯಲ್ಲಿ ಗದ್ದಲವನ್ನು 65 ಡೆಸಿಬೆಲ್‌ನಲ್ಲಿ ಸ್ಥಿರವಾಗಿ ಇಡುತ್ತಾರೆ. ಚಿಕ್ಕ, ಸರಳ ವಾಕ್ಯವೊಂದನ್ನು ಕೇಳಿಸುತ್ತಾರೆ. ಸರಿಯಾಗಿ ಹೇಳಿದಿರೋ, ಮುಂದಿನ ವಾಕ್ಯದ ದನಿ ತಗ್ಗುತ್ತದೆ. ತಪ್ಪಿದಿರೋ, ಏರುತ್ತದೆ. ಮೊದಲ ಕೆಲವು ವಾಕ್ಯಗಳಲ್ಲಿ 4 ಡೆಸಿಬೆಲ್‌ ಹೆಜ್ಜೆ, ಆಮೇಲೆ 2ರ ಹೆಜ್ಜೆ. ಹೀಗೆ ಏರಿಳಿಯುತ್ತ ಪರೀಕ್ಷೆ ತಾನಾಗಿಯೇ ನಿಮ್ಮ ಅರ್ಧದ ಬಿಂದುವಿನ ಸುತ್ತ ಬಂದು ನಿಲ್ಲುತ್ತದೆ. ಇಂಗ್ಲಿಷಿನ ಆ ಪರೀಕ್ಷೆಯಲ್ಲಿ ಮಾತು, ಗದ್ದಲ ಎರಡೂ ಎದುರಿನಿಂದ ಬಂದಾಗ ಸಹಜ ಶ್ರವಣದವರ ಬಿಂದು ಸುಮಾರು −2.6 ಡೆಸಿಬೆಲ್‌. ಗದ್ದಲವನ್ನು ಪಕ್ಕಕ್ಕೆ ಸರಿಸಿದರೆ ಅದೇ ಜನ ಸುಮಾರು −10ರವರೆಗೂ ನಿಭಾಯಿಸುತ್ತಾರೆ. ಎರಡು ಕಿವಿಗಳಿಗೆ ಬರುವ ಸದ್ದಿನ ವ್ಯತ್ಯಾಸವನ್ನು ಮಿದುಳು ಬಳಸಿಕೊಳ್ಳುವುದರಿಂದಲೂ ತಲೆಯೇ ಒಂದು ಕಿವಿಗೆ ಮರೆಯಾಗುವುದರಿಂದಲೂ ಸಿಗುವ ಲಾಭ ಅದು. ಏಳು ಡೆಸಿಬೆಲ್‌ಗೂ ಹೆಚ್ಚು! ಕೂರುವ ಜಾಗ ಬದಲಿಸಿದರೆ ಅಷ್ಟು ವ್ಯತ್ಯಾಸವೇ ಎಂದು ಕೇಳುವವರಿಗೆ ನಾನು ಈ ಅಂಕಿಯನ್ನೇ ತೋರಿಸುತ್ತೇನೆ.

ಆಸ್ಪತ್ರೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮಾತ್ರ ಇನ್ನೊಂದು, ‘ಕ್ವಿಕ್‌ಸಿನ್‌’. ಹೆಸರೇ ಹೇಳುವಂತೆ ಬೇಗ ಮುಗಿಯುತ್ತದೆ. ಆರು ವಾಕ್ಯಗಳ ಒಂದು ಪಟ್ಟಿಗೆ ಸುಮಾರು ಒಂದು ನಿಮಿಷ ಸಾಕು. ನಾಲ್ಕು ಜನ ಒಟ್ಟಿಗೆ ಮಾತನಾಡುತ್ತಿರುವ ಗಲಾಟೆಯ ನಡುವೆ ಒಬ್ಬ ಮಹಿಳೆ ಆರು ವಾಕ್ಯಗಳನ್ನು ಹೇಳುತ್ತಾಳೆ. ಮೊದಲ ವಾಕ್ಯಕ್ಕೆ ಅಂತರ +25, ಅಂದರೆ ಗಲಾಟೆ ನೆಪಮಾತ್ರಕ್ಕೆ. ಆಮೇಲೆ 20, 15, 10, 5, ಕೊನೆಗೆ 0. ಪ್ರತಿ ವಾಕ್ಯದಲ್ಲಿ ಐದು ಮುಖ್ಯ ಪದಗಳಿಗೆ ಅಂಕ, ಒಟ್ಟು 30. ನೀವು ಗಳಿಸಿದ್ದನ್ನು 25.5ರಿಂದ ಕಳೆದರೆ ಉಳಿಯುವುದೇ ನಿಮ್ಮ ಕೊರತೆ, ಡೆಸಿಬೆಲ್‌ಗಳಲ್ಲಿ. ಈ 25.5 ಎಲ್ಲಿಂದ ಬಂತು ಎಂದು ಕೇಳುವವರುಂಟು, ಹೇಳಿಬಿಡುತ್ತೇನೆ. ಹೆಜ್ಜೆ 5 ಡೆಸಿಬೆಲ್‌, ಪದಗಳು ಐದು. ಹಾಗಾಗಿ ಒಂದು ಪದ ಒಂದು ಡೆಸಿಬೆಲ್‌ಗೆ ಸಮ. ಶುರುವಿನ 25ಕ್ಕೆ ಅರ್ಧ ಹೆಜ್ಜೆ 2.5 ಕೂಡಿಸಿ, ಗಳಿಸಿದ ಪದಗಳನ್ನು ಕಳೆದರೆ ಅರ್ಧದ ಬಿಂದು ಸಿಗುತ್ತದೆ. ಸಹಜ ಶ್ರವಣದವರಿಗೆ ಆ ಬಿಂದು ಸುಮಾರು 2. ಅದನ್ನು ಕಳೆದರೆ 27.5 ಹೋಗಿ 25.5 ಆಗುತ್ತದೆ. ಯಾರಾದರೂ ಕ್ರಮವಾಗಿ 5, 5, 4, 3, 1, 0 ಪದಗಳನ್ನು ಹೇಳಿದರೆ ಒಟ್ಟು 18, ಕೊರತೆ 7.5. ಮೂಲ ಇಂಗ್ಲಿಷ್‌ ಪರೀಕ್ಷೆಯಲ್ಲಿ 3ರವರೆಗೆ ಸಹಜಕ್ಕೆ ಹತ್ತಿರ, 7ರವರೆಗೆ ಅಲ್ಪ, 15ರವರೆಗೆ ಮಧ್ಯಮ, ಅದಕ್ಕೂ ಮೇಲೆ ತೀವ್ರ ಕೊರತೆ ಎಂದು ಓದುತ್ತಾರೆ.

ಒಂದೇ ಪಟ್ಟಿ ಮಾಡಿ ಮುಗಿಸಿದರೆ ಒಪ್ಪಬೇಡಿ. ಒಂದು ಪಟ್ಟಿಯ ಫಲ ಎರಡು ಮೂರು ಡೆಸಿಬೆಲ್‌ ಆಚೀಚೆ ಹೋಗುವುದು ಸಾಮಾನ್ಯ. ಎರಡು ಮೂರು ಪಟ್ಟಿಗಳ ಸರಾಸರಿ ನಂಬಲರ್ಹ. ಮತ್ತೊಂದು ಎಚ್ಚರ: ಈ ಪರೀಕ್ಷೆಯಲ್ಲಿ ಮಾತನ್ನು ಬೇಕೆಂದೇ ಸಾಕಷ್ಟು ಜೋರಾಗಿ ಕೇಳಿಸಬೇಕು. ಸದ್ದು ಸಾಲದೆ ತಪ್ಪಿದಿರೋ, ಕದಡಿ ತಪ್ಪಿದಿರೋ ಎಂಬ ಗೊಂದಲ ಉಳಿದರೆ ಪರೀಕ್ಷೆಯ ಉದ್ದೇಶವೇ ಹಾಳು.

ಹಿನ್ನೆಲೆಯ ಗದ್ದಲ ಎಂಥದ್ದು ಎಂಬುದೂ ಫಲವನ್ನು ತಿರುಗಿಸುತ್ತದೆ. ಫ್ಯಾನಿನಂತೆ ಒಂದೇ ಸಮನೆ ಮೊರೆಯುವ ಸದ್ದು ಮಾತಿನ ಮೇಲೆ ಬಿದ್ದು ಅದನ್ನು ಮುಚ್ಚುತ್ತದೆ, ಅಷ್ಟೇ. ಜನರ ಮಾತಿನ ಗದ್ದಲವಾದರೆ ಅಲ್ಲಲ್ಲಿ ಬಿಡುವಿರುತ್ತದೆ. ಸಹಜ ಶ್ರವಣದವರು ಆ ಬಿಡುವುಗಳಲ್ಲಿ ಇಣುಕಿ ಪದ ಹೆಕ್ಕುತ್ತಾರೆ, ಕಿವಿ ಕದಡಿದವರಿಗೆ ಆ ಚುರುಕು ಇರುವುದಿಲ್ಲ. ಜೊತೆಗೆ ಹಿಂದಿನವರ ಮಾತು ಅರ್ಥವಾಗುವಂತಿದ್ದರೆ ಮಿದುಳು ಅದಕ್ಕೂ ಕಿವಿಗೊಡುತ್ತದೆ. ನಿಮ್ಮ ದೂರು ಗಿರಾಕಿಗಳ ಮಾತಿನ ಬಗ್ಗೆ ಇರುವುದರಿಂದ ಜನರ ಗದ್ದಲವಿರುವ ಪರೀಕ್ಷೆಯನ್ನೇ ಕೇಳಿ ಪಡೆಯಿರಿ.

ಇನ್ನು ಭಾಷೆಯ ವಿಷಯ. ಇಂಗ್ಲಿಷ್‌ ನಿಮಗೆ ಎಷ್ಟೇ ಚೆನ್ನಾಗಿ ಬಂದರೂ ಇಂಗ್ಲಿಷಿನಲ್ಲಿ ಈ ಪರೀಕ್ಷೆಗೆ ಕೂರಬೇಡಿ. ಗದ್ದಲದಲ್ಲಿ ನಾವು ಕೇಳುವುದು ಅರ್ಧ, ಉಳಿದರ್ಧವನ್ನು ಭಾಷೆಯ ಬಲದಿಂದ ತುಂಬಿಕೊಳ್ಳುತ್ತೇವೆ. ಆಮೇಲೆ ಕಲಿತ ಭಾಷೆಯಲ್ಲಿ ಆ ತುಂಬಿಕೊಳ್ಳುವಿಕೆ ಕುಂಟುತ್ತದೆ, ಕಿವಿ ಆರೋಗ್ಯವಾಗಿರುವವರಿಗೂ ಹೆಚ್ಚಿನ ಅಂತರ ಬೇಕಾಗುತ್ತದೆ. ಹಾಗೆ ಬಂದ ಅಂಕಿ ಕಿವಿಯದೋ ಭಾಷೆಯದೋ ಹೇಳಲಾಗುವುದಿಲ್ಲ. ಇಂಗ್ಲಿಷಿನ ಪಟ್ಟಿಗಳನ್ನು ಸುಮ್ಮನೆ ಅನುವಾದಿಸಿದರೂ ಆಗುವುದಿಲ್ಲ. ಇಂಗ್ಲಿಷಿನ ಪದಪಟ್ಟಿಗಳಲ್ಲಿ ಒಂದೇ ಉಚ್ಚಾರಾಂಶದ ಪದಗಳಿರುತ್ತವೆ. ಕನ್ನಡದಲ್ಲಿ ಅಂಥ ಪದಗಳು ಬೆರಳೆಣಿಕೆಯಷ್ಟು. ನಮ್ಮ ಪದಗಳು ಸ್ವರದಲ್ಲಿ ಕೊನೆಗೊಳ್ಳುತ್ತವೆ, ಎರಡಕ್ಷರಕ್ಕೆ ಕಡಿಮೆ ಅಪರೂಪ. ಆದ್ದರಿಂದ ಕನ್ನಡದ ಪಟ್ಟಿಗಳನ್ನು ಎರಡಕ್ಷರದ ಪದಗಳಿಂದ ಕಟ್ಟಿದ್ದಾರೆ. ವಾಕ್ಯಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ಬಂದಳು’ ಎಂಬ ಕ್ರಿಯಾಪದವೊಂದೇ ಬಂದವಳು ಹೆಣ್ಣು, ಒಬ್ಬಳು ಎಂದು ಸಾರುತ್ತದೆ. ಕರ್ತೃಪದ ಗದ್ದಲದಲ್ಲಿ ಮುಳುಗಿದರೂ ಕೇಳುಗರು ಅರ್ಧ ಊಹಿಸಬಲ್ಲರು. ಇಂಥ ಸುಳಿವುಗಳು ಎಲ್ಲ ಪಟ್ಟಿಗಳಲ್ಲಿಯೂ ಸರಿಸಮವಾಗಿ ಹಂಚಿಕೆಯಾಗದಿದ್ದರೆ ಒಂದು ಪಟ್ಟಿ ಸುಲಭ, ಇನ್ನೊಂದು ಕಷ್ಟವಾಗುತ್ತದೆ.

ಈ ಕೆಲಸವನ್ನು ಶ್ರದ್ಧೆಯಿಂದ ಮಾಡಿರುವುದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್‌ ಶ್ರವಣ ಸಂಸ್ಥೆ. ನಾವು ‘ಆಯಿಷ್‌’ ಎಂದೇ ಕರೆಯುತ್ತೇವೆ. ಕನ್ನಡದ ಸಮತೋಲಿತ ಪದಪಟ್ಟಿ, ಕ್ವಿಕ್‌ಸಿನ್‌ ಮಾದರಿಯ ಕನ್ನಡ ವಾಕ್ಯಗಳು, 2014ರಲ್ಲಿ ಪ್ರಕಟವಾದ ಹತ್ತು ಹತ್ತು ವಾಕ್ಯಗಳ 25 ಪಟ್ಟಿಗಳು ಎಲ್ಲವೂ ನಮ್ಮಲ್ಲಿವೆ. ಅಷ್ಟೊಂದು ಪಟ್ಟಿ ಏಕೆಂದರೆ, ಒಮ್ಮೆ ಕೇಳಿದ ವಾಕ್ಯ ನೆನಪಿನಲ್ಲಿ ಉಳಿದುಬಿಡುತ್ತದೆ. ಮುಂದಿನ ಬಾರಿ ಅದೇ ಪಟ್ಟಿ ಹಾಕಿದರೆ ಅಳೆಯುವುದು ಕಿವಿಯನ್ನಲ್ಲ, ನೆನಪನ್ನು. ಕನ್ನಡದ ಫಲಿತಾಂಶವನ್ನು ಮೇಲೆ ಹೇಳಿದ ಇಂಗ್ಲಿಷಿನ 3, 7, 15ರ ಗೆರೆಗಳಿಗೆ ಹೋಲಿಸಬಾರದು. ಕನ್ನಡಿಗರ ಮೇಲೆ ಅಳೆದು ಕಂಡುಕೊಂಡ ಸಹಜ ಮಟ್ಟಕ್ಕೇ ಹೋಲಿಸಬೇಕು. ಹಾಗೆ ಮಾಡುತ್ತೀರಾ ಎಂದು ಕೇಳುವ ಹಕ್ಕು ನಿಮಗಿದೆ.

ಮನೆಯಲ್ಲಿಯೇ ಮಾಡಿಕೊಳ್ಳಬಹುದಾದದ್ದು ಇಲ್ಲವೇ ಎಂದರೆ, ಇದೆ. ನೆದರ್ಲೆಂಡ್ಸ್‌ನಲ್ಲಿ 2004ರ ಹೊತ್ತಿಗೇ ದೂರವಾಣಿಯಲ್ಲಿ ಗದ್ದಲದ ನಡುವೆ ಮೂರು ಮೂರು ಅಂಕಿಗಳನ್ನು ಕೇಳಿಸಿ, ಕೇಳಿದ್ದನ್ನು ಒತ್ತಲು ಹೇಳುವ ಪರೀಕ್ಷೆ ತಂದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬಿಡುಗಡೆ ಮಾಡಿದ ‘ಹಿಯರ್‌ಡಬ್ಲ್ಯುಎಚ್‌ಒ’ ಆ್ಯಪ್‌ ಕೂಡ ಇದೇ ವಿಧಾನದ್ದು. ಅಂಕಿಗಳು ಎಲ್ಲರಿಗೂ ಪರಿಚಿತವಾದ್ದರಿಂದ ಭಾಷೆಯ ಹೊರೆ ಕಡಿಮೆ, ಮೊಬೈಲ್‌ನ ದನಿ ನಿಖರವಾಗಿರದಿದ್ದರೂ ಎಣಿಕೆಗೆ ಬರುವುದು ಅಂತರ ಮಾತ್ರವಾದ್ದರಿಂದ ಫಲ ಹೆಚ್ಚು ಕೆಡುವುದಿಲ್ಲ. ಆದರೆ ಇದು ತಜ್ಞರ ಬಳಿ ಪೂರ್ಣ ಪರೀಕ್ಷೆಯ ಜರೂರು ಇದೆಯೇ ಇಲ್ಲವೇ ಎಂದು ತಿಳಿಯಲು ಮಾತ್ರ. ನೀವು ಈಗಾಗಲೇ ಆ ಹಂತ ದಾಟಿದ್ದೀರಿ.

ಉಪಯೋಗವೇನು ಎಂದು ಕೇಳಿದ್ದೀರಿ. ಮುಂದಿನ ಎಲ್ಲ ತೀರ್ಮಾನವೂ ಈ ಸಂಖ್ಯೆಯ ಮೇಲೆ ನಿಂತಿದೆ, ಮುಖ್ಯವಾಗಿ ಹಣ ಖರ್ಚು ಮಾಡುವ ತೀರ್ಮಾನ. ಕೊರತೆ ಅಲ್ಪವಾಗಿದ್ದರೆ, ಎದುರಿನ ದನಿಗೆ ಮಾತ್ರ ಒಲಿಯುವ ದಿಕ್ಕಿನ ಮೈಕ್ರೊಫೋನ್‌ ಇರುವ ಶ್ರವಣ ಸಾಧನ ನೆರವಾಗಬಹುದು. ನಿಜ ಜೀವನದಲ್ಲಿ ಅದರಿಂದ ಸಿಗುವುದು ಮೂರು ನಾಲ್ಕು ಡೆಸಿಬೆಲ್‌. ‘ಗದ್ದಲ ಕಡಿಮೆ ಮಾಡುತ್ತದೆ’ ಎಂದು ಜಾಹೀರಾತಿನಲ್ಲಿ ಹೇಳುವ ಸೌಲಭ್ಯ ಕಿರಿಕಿರಿಯನ್ನು ತಗ್ಗಿಸುತ್ತದೆ, ತಿಳಿಯುವಿಕೆಯನ್ನು ಅಷ್ಟಾಗಿ ಏರಿಸುವುದಿಲ್ಲ. ಕೊರತೆ ಏಳೆಂಟು ಡೆಸಿಬೆಲ್‌ ಇದ್ದರೆ ಸಾಧನವೊಂದೇ ಅದನ್ನು ತುಂಬುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಆಗ ಬೇಕಾದದ್ದು ಮಾತನಾಡುವವರ ಬಾಯಿಯ ಹತ್ತಿರ ಇರಿಸುವ ನಿಸ್ತಂತು ಮೈಕ್ರೊಫೋನ್‌. ದನಿಯನ್ನು ಗದ್ದಲ ಸೇರುವ ಮುನ್ನವೇ ಹಿಡಿಯುವುದರಿಂದ ಅದು ಹತ್ತು ಡೆಸಿಬೆಲ್‌ಗೂ ಮೀರಿ ಲಾಭ ಕೊಡಬಲ್ಲದು. ಅಂಗಡಿಯಲ್ಲಿ ಪ್ರತಿ ಗಿರಾಕಿಗೂ ಮೈಕ್ರೊಫೋನ್‌ ಕೊಡಲಾಗದು, ನಿಜ. ಆದರೆ ಮದುವೆಯಲ್ಲಿ ಪತ್ನಿಯ ಬಳಿ ಒಂದು ಇದ್ದರೆ ನಿಮ್ಮ ಊಟವೇ ಬೇರೆಯಾಗುತ್ತದೆ.

ಎರಡು ಕಿವಿಗಳನ್ನು ಬೇರೆ ಬೇರೆಯಾಗಿಯೂ ಪರೀಕ್ಷಿಸಬೇಕು. ಒಂದು ಕಿವಿಯ ಫಲ ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಕೆಟ್ಟದಾಗಿದ್ದರೆ, ಅಥವಾ ಒಂದೇ ಕಿವಿಯಲ್ಲಿ ಮೊರೆತವಿದ್ದರೆ, ಶ್ರವಣನರದ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಕಿವಿ, ಮೂಗು, ಗಂಟಲು ತಜ್ಞರನ್ನು ತಡಮಾಡದೆ ಕಾಣಿರಿ.

ಇನ್ನೊಂದು ಸಣ್ಣ ಅಳತೆಯನ್ನೂ ಜೊತೆಗೆ ಮಾಡಿಸಿಕೊಂಡರೆ ಒಳ್ಳೆಯದು. ಮಾತು ಕೇಳುತ್ತಿರುವಾಗ ಎಷ್ಟು ಗದ್ದಲವನ್ನು ನೀವು ಸಹಿಸಬಲ್ಲಿರಿ ಎಂಬುದನ್ನು ಅದು ತಿಳಿಸುತ್ತದೆ. ಶ್ರವಣ ವಿಜ್ಞಾನಿ ಅನ್ನಾ ನಾಬೆಲೆಕ್‌ 1991ರಲ್ಲಿ ರೂಪಿಸಿದ್ದು. ತಿಳಿಯುವ ಶಕ್ತಿಯೇ ಬೇರೆ, ಸಹಿಸುವ ಶಕ್ತಿಯೇ ಬೇರೆ. ಸಾಧನ ಕೊಂಡು ಪೆಟ್ಟಿಗೆಯಲ್ಲಿ ಇಟ್ಟುಬಿಡುವವರಲ್ಲಿ ಹಲವರು ಗದ್ದಲವನ್ನು ಸಹಿಸಲಾರದವರು.

ಈ ಪರೀಕ್ಷೆಗಳು ನಮ್ಮಲ್ಲಿ ಎಲ್ಲೆಡೆ ಏಕೆ ನಡೆಯುತ್ತಿಲ್ಲ ಎಂಬುದು ನನ್ನನ್ನು ಬಹುಕಾಲದಿಂದ ನೋಯಿಸುತ್ತಿರುವ ಪ್ರಶ್ನೆ. ಶ್ರವಣ ವಿಜ್ಞಾನದ ಹಿರಿಯರಾದ ರೇಮಂಡ್‌ ಕಾರ್ಹಾರ್ಟ್‌ ಮತ್ತು ಟಾಮ್‌ ಟಿಲ್ಮನ್‌ ಗದ್ದಲದಲ್ಲಿ ಮಾತು ತಿಳಿಯುವ ಶಕ್ತಿಯನ್ನು ಅಳೆಯಬೇಕು ಎಂದು ಒತ್ತಿ ಹೇಳಿದ್ದು 1970ರಲ್ಲಿ. ಅರ್ಧ ಶತಮಾನ ಕಳೆದರೂ ಎಷ್ಟೋ ಕಡೆ ಆಡಿಯೋಗ್ರಾಂ ಹಾಳೆಯೇ ಕೊನೆಯ ಮಾತು. ಸಮಯವಿಲ್ಲ ಎನ್ನುತ್ತಾರೆ. ಐದು ನಿಮಿಷದ ಪರೀಕ್ಷೆಯನ್ನು ಬಿಟ್ಟು ಹತ್ತಾರು ಸಾವಿರದ ಸಾಧನವನ್ನು ಶಿಫಾರಸು ಮಾಡುವುದನ್ನು ನಾನು ಒಪ್ಪಲಾರೆ.

ಪರೀಕ್ಷೆಯ ದಿನ ಬರುವವರೆಗೆ ಮಾಡಬಹುದಾದದ್ದೂ ಇದೆ. ತೆರೆದ ಜಾಗದಲ್ಲಿ ಮಾತನಾಡುವವರ ಮತ್ತು ನಿಮ್ಮ ನಡುವಿನ ದೂರವನ್ನು ಅರ್ಧ ಮಾಡಿದರೆ ಮಾತು 6 ಡೆಸಿಬೆಲ್‌ ಏರುತ್ತದೆ. ಕಲ್ಯಾಣ ಮಂಟಪದಂಥ ಕಲ್ಲು, ಗಾಜು, ಟೈಲ್ಸ್‌ ತುಂಬಿದ ಸಭಾಂಗಣದಲ್ಲಿ ಪ್ರತಿಧ್ವನಿಯಿಂದಾಗಿ ಲಾಭ ಅಷ್ಟಿಲ್ಲದಿದ್ದರೂ ಹತ್ತಿರ ಸರಿಯುವುದಕ್ಕಿಂತ ಅಗ್ಗದ ಉಪಾಯವಿಲ್ಲ. ಅಂಗಡಿಯ ಗಲ್ಲಾವನ್ನು ರಸ್ತೆಯ ಬಾಗಿಲಿನಿಂದ ಒಳಗೆ, ಬೆನ್ನಿಗೆ ಬಟ್ಟೆಯ ಕಪಾಟು ಬರುವಂತೆ ಸರಿಸಿ ನೋಡಿ. ಬಟ್ಟೆ ಸದ್ದನ್ನು ಹೀರುತ್ತದೆ, ಹಿಂದಿನಿಂದ ಬರುವ ಗದ್ದಲವೂ ತಪ್ಪುತ್ತದೆ. ಗಿರಾಕಿಯ ಮುಖದ ಮೇಲೆ ಬೆಳಕು ಬೀಳಲಿ. ತುಟಿಯ ಚಲನೆ ಕಂಡರೆ ಗದ್ದಲದಲ್ಲಿ ತಿಳಿಯುವಿಕೆ ಗಣನೀಯವಾಗಿ ಏರುತ್ತದೆ ಎಂದು 1954ರಲ್ಲಿಯೇ ಪ್ರಯೋಗಗಳು ತೋರಿಸಿವೆ.

ತಜ್ಞರ ಬಳಿ ಹೋಗುವಾಗ ಹಳೆಯ ವರದಿ ಕೈಯಲ್ಲಿರಲಿ. ಗದ್ದಲದಲ್ಲಿ ವಾಕ್ಯ ಗುರುತಿಸುವ ಪರೀಕ್ಷೆ, ಕನ್ನಡದಲ್ಲಿ, ಜನರ ಮಾತಿನ ಗದ್ದಲದೊಂದಿಗೆ, ಕನಿಷ್ಠ ಎರಡು ಪಟ್ಟಿ, ಎರಡು ಕಿವಿ ಬೇರೆ ಬೇರೆ ಮತ್ತು ಒಟ್ಟಿಗೆ ಎಂದು ಬರೆದುಕೊಂಡೇ ಹೋಗಿ. ಶ್ರವಣ ಸಾಧನದ ಮಾತು ಬಂದರೆ ಅದನ್ನು ಹಾಕಿಕೊಂಡು, ಸ್ಪೀಕರ್‌ ಮೂಲಕ, ಬೇರೆ ಪಟ್ಟಿಯಿಂದ ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ. ಎರಡೂ ಸಂಖ್ಯೆಗಳನ್ನು ಬರೆದು ಕೊಡಲು ಹೇಳಿ. ಅವುಗಳ ನಡುವೆ ವ್ಯತ್ಯಾಸ ಕಾಣದಿದ್ದರೆ ಆ ಸಾಧನಕ್ಕೆ ಅಂದೇ ಹಣ ಕಟ್ಟಬೇಡಿ, ಬೇರೆ ಹೊಂದಾಣಿಕೆಯಲ್ಲಿ ಮತ್ತೆ ಅಳೆಯುವಂತೆ ಕೇಳಿ.